ಬಳಿ, ಬಳ್ಳಿ, ಬಾಳಿ: ಅಕ್ಷರ ತೂಗುವ ಕ್ರಮ

ಬಳಿ, ಬಳ್ಳಿ, ಬಾಳಿ. ಮೂರನ್ನೂ ಒಂದರ ಹಿಂದೊಂದು ಜೋರಾಗಿ ಹೇಳಿ ನೋಡಿ. ಕೈಗೆ ತೊಡುವ ಬಳಿ, ಬದುವಿನ ಮೇಲೆ ಹಬ್ಬಿದ ಬಳ್ಳಿ, ಗೊನೆಯಲ್ಲಿ ತೂಗುವ ಬಾಳಿ. ವಿಜಯಪುರ, ಬಾಗಲಕೋಟೆ ಕಡೆಯ ಮಾತಿನಲ್ಲಿ ಪದದ ಕೊನೆಯ ಎಕಾರ ಇಕಾರವಾಗುವುದರಿಂದ ಈ ಮೂರು ಇಷ್ಟು ಚೆನ್ನಾಗಿ ಜೊತೆಯಾಗುತ್ತವೆ. ಒಂದು ಹ್ರಸ್ವಾಕ್ಷರ ಹೇಳಲು ಹಿಡಿಯುವ ಹೊತ್ತು ಒಂದು ಮಾತ್ರೆ. ಬಳಿಗೆ ಎರಡು ಮಾತ್ರೆ. ಬಳ್ಳಿಗೂ ಬಾಳಿಗೂ ಮೂರು ಮೂರು. ಆದರೆ ಆ ಮೂರನೆಯ ಮಾತ್ರೆ ಎರಡು ಕಡೆಯಿಂದ ಬಂದಿದೆ. ಬಾಳಿಯಲ್ಲಿ ಸ್ವರವೇ ಉದ್ದ. ಬಳ್ಳಿಯಲ್ಲಿ ಸ್ವರ ಗಿಡ್ಡವೇ, ನಾಲಿಗೆ ಳಕಾರದ ಮೇಲೆ ನಿಂತು ಮುಂದೆ ಹೋಗುತ್ತದೆ.

ಇಷ್ಟು ಬಾಯಲ್ಲಿ ಸರಿಯಾಗಿ ಕೂತರೆ ಹಳಗನ್ನಡದ ಪದ್ಯಕ್ಕೆ ಪ್ರಸ್ತಾರ (ಲಘು-ಗುರು ಗುರುತು) ಹಾಕುವುದೂ, ಲ್ಯಾಟಿನ್ ಪದದಲ್ಲಿ ಒತ್ತು ಎಲ್ಲಿ ಬೀಳುತ್ತದೆ ಎಂದು ಹುಡುಕುವುದೂ ಅರ್ಧ ಮುಗಿದ ಹಾಗೆ. ತಪ್ಪುವುದೆಲ್ಲ ಮೂರು ಬೇರೆ ಸಂಗತಿಗಳನ್ನು ಒಂದೇ ಎಂದು ಹಿಡಿಯುವುದರಿಂದ. ಸ್ವರದ ಉದ್ದ ಒಂದು: ಹ್ರಸ್ವವೋ ದೀರ್ಘವೋ. ಅಕ್ಷರದ ತೂಕ ಇನ್ನೊಂದು: ಲಘುವೋ ಗುರುವೋ. ಪದದಲ್ಲಿ ಯಾವ ಭಾಗ ಎದ್ದು ಕೇಳುತ್ತದೆ ಎನ್ನುವುದು ಮತ್ತೊಂದು. ಈ ಮೂರನೆಯದಕ್ಕೆ ನಾವು ‘ಒತ್ತು’ ಎನ್ನುತ್ತೇವೆ, ಒತ್ತಕ್ಷರಕ್ಕೂ ಅದೇ ಮಾತು ಬಳಸುತ್ತೇವೆ. ಗೊಂದಲ ಬೇಡವೆಂದು ಇಲ್ಲಿ ಉಚ್ಚಾರದ ಒತ್ತಿಗೆ ‘ಸ್ವರಾಘಾತ’ ಎಂದೇ ಬರೆದಿದೆ.

ಲಘು-ಗುರು ಹಾಕುವುದು

ಸಾಲನ್ನು ಅಕ್ಷರ ಬಿಡಿಸಿ, ನಡುವೆ ಜಾಗ ಬಿಟ್ಟು ಬರೆದುಕೊಳ್ಳಿ. ಒತ್ತಕ್ಷರ ಒಡೆಯಬೇಡಿ. ಆಮೇಲೆ ಸಾಲಿನ ಮೇಲೆ ನಾಲ್ಕು ಸಲ ಹೋಗಿ. ಮೊದಲ ಸಲ ದೀರ್ಘಸ್ವರ ಮಾತ್ರ ನೋಡಿ: ಆ, ಈ, ಊ, ಏ, ಓ, ಜೊತೆಗೆ ಐ, ಔ. ಅವುಗಳ ತಲೆಯ ಮೇಲೆ ಗುರುವಿನ ಗುರುತು – ಹಾಕಿ. ಎರಡನೆಯ ಸಲ ಸೊನ್ನೆ ಅಥವಾ ವಿಸರ್ಗ ಇದ್ದ ಅಕ್ಷರಕ್ಕೆ –. ಮೂರನೆಯ ಸಲ ಒಂದೊಂದು ಒತ್ತಕ್ಷರದ ಮೇಲೂ ಬೆರಳಿಟ್ಟು, ಅದರ ಹಿಂದಿನ ಅಕ್ಷರಕ್ಕೆ –. ನಾಲ್ಕನೆಯ ಸಲ ಸ್ವರವಿಲ್ಲದ ವ್ಯಂಜನ ಇದೆಯೇ ನೋಡಿ. ‘ಕಲ್’ನಂಥ ಕಡೆ ಲ್‌ಗೆ ಬೇರೆ ಗುರುತಿಲ್ಲ, ಅದು ಹಿಂದಿನ ‘ಕ’ವನ್ನು ಗುರು ಮಾಡುತ್ತದೆ. ಉಳಿದದ್ದೆಲ್ಲ ಲಘು, ∪. ಲಘುವಿಗೆ ಒಂದು, ಗುರುವಿಗೆ ಎರಡು ಎಂದು ಕೂಡಿದರೆ ಮಾತ್ರೆ ಸಿಕ್ಕಿತು.

ಎಡದಿಂದ ಬಲಕ್ಕೆ ಒಂದೊಂದೇ ಅಕ್ಷರ ತೀರ್ಮಾನಿಸುತ್ತ ಹೋಗುವವರು ಸಾಮಾನ್ಯವಾಗಿ ಒತ್ತಕ್ಷರಕ್ಕೇ ಗುರು ಹಾಕಿಬಿಡುತ್ತಾರೆ. ಅದು ಕಣ್ಣಿನ ತಪ್ಪು, ದಪ್ಪಗೆ ಕಾಣುವುದು ಒತ್ತಕ್ಷರವೇ ಆದ್ದರಿಂದ. ಕಿವಿಯನ್ನು ಕೇಳಿದರೆ ಬೇರೆಯೇ ಹೇಳುತ್ತದೆ. ‘ಕನ್ನಡ’ ಎಂದು ಬರೆಯುವುದು ಕ-ನ್ನ-ಡ, ಉಸುರುವುದು ಕನ್-ನ-ಡ. ಮೊದಲ ತುಂಡಿನ ಬಾಗಿಲನ್ನು ನ್ ಮುಚ್ಚಿತು, ಅದಕ್ಕೇ ಅದು ಗುರು. ‘ಒತ್ತಕ್ಷರದ ಹಿಂದಿನದು ಗುರು’ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ ಸೂತ್ರದ ಒಳಗಿನ ಕಾರಣ ಇದೇ: ವ್ಯಂಜನದಿಂದ ಮುಚ್ಚಿದ ತುಂಡು ಭಾರ, ಹ್ರಸ್ವಸ್ವರದಲ್ಲಿ ತೆರೆದೇ ಉಳಿದ ತುಂಡು ಹಗುರ. ಸೊನ್ನೆಯೂ ಮುಚ್ಚುವ ವ್ಯಂಜನವೇ, ‘ಇಂಡಿ’ ಎನ್ನುವಾಗ ಬಾಯಲ್ಲಿ ಬರುವುದು ಇಣ್-ಡಿ.

ಅಭ್ಯಾಸಕ್ಕೆ ಬಸ್ ನಿಲ್ದಾಣದ ಬೋರ್ಡಿಗಿಂತ ಒಳ್ಳೆಯ ಪಾಠವಿಲ್ಲ. ಅಥಣಿ ∪∪∪. ಮುಧೋಳ ∪–∪. ಸಿಂದಗಿ –∪∪. ಗೋಕಾಕ, ಬಾದಾಮಿ, ಚಿಕ್ಕೋಡಿ, ನಿಪ್ಪಾಣಿ ನಾಲ್ಕೂ ––∪. ಜಮಖಂಡಿ, ಸವದತ್ತಿ, ಬೆಳಗಾವಿ ಮೂರೂ ∪∪–∪, ಅಂದರೆ ಐದು ಮಾತ್ರೆ. ಇವುಗಳಲ್ಲಿ ಗುರು ಬಂದ ದಾರಿ ಒಂದೊಂದಕ್ಕೂ ಬೇರೆ: ಸೊನ್ನೆಯಿಂದ, ಒತ್ತಕ್ಷರದಿಂದ, ದೀರ್ಘದಿಂದ. ರಾಮದುರ್ಗ –∪–∪, ಪಟ್ಟದಕಲ್ಲು –∪∪–∪. 2014ರಲ್ಲಿ ಬಿಜಾಪುರ ವಿಜಯಪುರವಾಯಿತು, ಮಾತ್ರೆ ಮಾತ್ರ ಅಷ್ಟೇ ಉಳಿಯಿತು: ∪–∪∪ ಹೋಗಿ ∪∪∪∪∪ ಬಂತು, ಎರಡೂ ಐದೇ.

ಬಾಗಲಕೋಟೆಯಲ್ಲಿ ಇನ್ನೂ ಒಂದು ಸೂಕ್ಷ್ಮ ಸಿಗುತ್ತದೆ. ಬರೆದಂತೆ ಓದಿದರೆ –∪∪–∪, ಏಳು ಮಾತ್ರೆ. ಬಾಯಲ್ಲಿ ಯಾರೂ ಹಾಗೆ ಅನ್ನುವುದಿಲ್ಲ, ‘ಬಾಗಲ್ಕೋಟಿ’ ಎನ್ನುತ್ತಾರೆ. ಲಕಾರದ ಅಕಾರ ಬಿದ್ದುಹೋಯಿತು, ಬಿದ್ದದ್ದರಿಂದ ‘ಗ’ ಮುಚ್ಚಿ ಗುರುವಾಯಿತು: –––∪. ಮತ್ತೆ ಏಳು. ಎರಡು ಲಘು ಕೂಡಿ ಒಂದು ಗುರುವಾದವು, ತೂಕ ಕಳೆಯಲಿಲ್ಲ. ಆಡುಮಾತಿನಲ್ಲಿ ಸ್ವರ ನುಂಗಿದರೂ ಹಾಡು ತಾಳ ತಪ್ಪದಿರುವುದಕ್ಕೆ ಇದೊಂದು ದೊಡ್ಡ ಕಾರಣ.

ಹಾಗೆಂದು ಎಲ್ಲ ಕಡೆ ಹೀಗೆ ಸರಿದೂಗುವುದಿಲ್ಲ. ಬೀಸುಕಲ್ಲಿನ ಪದವೋ ಸೋಬಾನೆಯೋ ಬರೆದುಕೊಳ್ಳುವಾಗ ಭಾಷೆ ‘ತಿದ್ದುವ’ ಚಾಳಿ ಕೆಲವರಿಗಿದೆ. ‘ಬಂದಾನ’ ––∪, ಐದು ಮಾತ್ರೆ. ಅದನ್ನು ‘ಬಂದಿದ್ದಾನೆ’ ಎಂದು ತಿದ್ದಿದರೆ –––∪, ಏಳು. ಗಣ, ಅಂದರೆ ಸಾಲಿನ ಲೆಕ್ಕದ ತುಂಡು, ಒಡೆಯಿತು. ‘ಮನಿಯಾಗ’ ಹೋಗಿ ‘ಮನೆಯಲ್ಲಿ’ ಆದರೆ ಎರಡೂ ∪∪–∪ ಆದ್ದರಿಂದ ತಾಳ ಉಳಿಯುತ್ತದೆ, ಆದರೆ ಅದು ಅದೃಷ್ಟ. ಹಾಡಿದ ಹೆಣ್ಣುಮಗಳು ಏನು ಅಂದಳೋ ಅದನ್ನೇ ಬರೆದು, ಅದಕ್ಕೇ ಪ್ರಸ್ತಾರ ಹಾಕಿ. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಗರತಿಯರ ಹಾಡುಗಳನ್ನು ಸಂಗ್ರಹಿಸಿದಾಗ ಅವುಗಳ ತ್ರಿಪದಿ (ಮೂರು ಸಾಲಿನ ಪದ್ಯ) ನಮಗೆ ಗಟ್ಟಿಯಾಗಿ ಸಿಕ್ಕಿದ್ದು ಆ ನುಡಿ ಹಾಗೇ ಉಳಿದದ್ದರಿಂದ.

ಹೆಚ್ಚು ಜನ ಎಡವುವ ಕಡೆ ಇನ್ನು ಮೂರಿವೆ. ವಟ್ರಸುಳಿ ಒತ್ತಕ್ಷರವಲ್ಲ. ‘ಸುಕೃತ’ದಲ್ಲಿ ಕೃ ಎಂದರೆ ಕ್ ಮತ್ತು ಋ ಸ್ವರ, ಆದ್ದರಿಂದ ‘ಸು’ ಲಘುವೇ, ∪∪∪. ಬಾಯಲ್ಲಿ ‘ಸುಕ್ರುತ’ ಎಂದು ಹೊರಳುವುದರಿಂದ –∪∪ ಹಾಕಿ ಮೋಸ ಹೋಗುತ್ತಾರೆ. ಎರಡನೆಯದು, ಸಾಲಿನ ಕೊನೆಯ ಲಘು. ಅಲ್ಲಿ ಉಸಿರು ನಿಲ್ಲುವುದರಿಂದ ಲೆಕ್ಕಕ್ಕೆ ಬೇಕಾದರೆ ಗುರುವೆಂದು ಎಣಿಸಬಹುದು. ಮೂರನೆಯದು ಹಳಗನ್ನಡದ ಶಿಥಿಲದ್ವಿತ್ವ. ‘ಅಮರ್ದು’, ‘ನೆಗೞ್ದ’ದಂಥ ಪದಗಳಲ್ಲಿ ರ್, ೞ್ ತೇಲಿಸಿ ಉಚ್ಚರಿಸುವುದರಿಂದ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತದೆ. ವ್ಯಾಕರಣಕಾರ ಕೇಶಿರಾಜ 13ನೆಯ ಶತಮಾನದಲ್ಲೇ ಇದನ್ನು ಸೂತ್ರ ಮಾಡಿಟ್ಟಿದ್ದಾನೆ. ಛಂದಸ್ಸು ಕೂಡದಿದ್ದಾಗ ಪದ್ಯ ತಪ್ಪು ಎನ್ನುವ ಮೊದಲು ಇಂಥ ಒತ್ತಕ್ಷರ ಇದೆಯೇ ಎಂದು ನೋಡಿ.

ಬಾದಾಮಿಯ ಬಂಡೆಯ ಮೇಲೆ ಒಂದು ತ್ರಿಪದಿ

ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ ಸುಮಾರು ಕ್ರಿ.ಶ. 700ರದು, ತ್ರಿಪದಿಯ ಅತಿ ಹಳೆಯ ಮಾದರಿ. ಅದರ ಹೆಸರಾದ ಮೂರು ಸಾಲು ಇವು:

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆರನಲ್ಲ

ಮಾತ್ರೆ ಎಣಿಸಿ ಇದನ್ನು ಸಮ ತುಂಡು ಮಾಡಲು ಹೊರಟರೆ ಕೈಸೋಲುತ್ತದೆ. ಇದು ಅಂಶಗಣ. ಲೆಕ್ಕ ಹೀಗೆ: ಗಣದ ಆರಂಭದಲ್ಲಿ ಒಂದು ಗುರು ಒಂದು ಅಂಶ, ಇಲ್ಲವೇ ಎರಡು ಲಘು ಸೇರಿ ಒಂದು ಅಂಶ. ಆರಂಭ ದಾಟಿದ ಮೇಲೆ ಲಘುವಿರಲಿ ಗುರುವಿರಲಿ, ಪ್ರತಿಯೊಂದೂ ಒಂದು ಅಂಶ. ಎರಡು ಅಂಶದ್ದು ಬ್ರಹ್ಮಗಣ, ಮೂರರದು ವಿಷ್ಣುಗಣ, ನಾಲ್ಕರದು ರುದ್ರಗಣ. ತ್ರಿಪದಿಗೆ ಒಟ್ಟು ಹನ್ನೊಂದು ಗಣ, ನಾಲ್ಕು-ನಾಲ್ಕು-ಮೂರರಂತೆ. ಆರನೆಯದೂ ಹತ್ತನೆಯದೂ ಬ್ರಹ್ಮ, ಉಳಿದವೆಲ್ಲ ವಿಷ್ಣು.

ಈಗ ಒಡೆಯಿರಿ. ಮೊದಲ ಸಾಲು: ಸಾಧುಗೆ (–∪∪) | ಸಾಧು ಮಾ (–∪–) | ಧುರ್ಯಂಗೆ (––∪) | ಮಾಧುರ್ಯಂ (–––). ನಾಲ್ಕೂ ಮೂರು ಮೂರು ಅಂಶ, ಮಾತ್ರೆ ಮಾತ್ರ ನಾಲ್ಕು, ಐದು, ಐದು, ಆರು. ಗಣ ಮುರಿದದ್ದು ಪದದ ನಟ್ಟನಡುವೆ, ‘ಮಾ’ ಒಂದು ಕಡೆ, ‘ಧುರ್ಯಂಗೆ’ ಇನ್ನೊಂದು ಕಡೆ. ಹೊಸಬರು ಪದ ಮುಗಿದಲ್ಲಿ ಗಣ ಮುಗಿಸಲು ಹೋಗಿ ಇಲ್ಲೇ ಸಿಕ್ಕಿಬೀಳುತ್ತಾರೆ. ಎರಡನೆಯ ಸಾಲು: ಬಾಧಿಪ್ಪ (––∪) | ಕಲಿಗೆ (∪∪∪) | ಕಲಿಯುಗ (∪∪∪∪) | ವಿಪರೀತನ್ (∪∪––). ‘ಕಲಿಗೆ’ಯಲ್ಲಿ ‘ಕಲಿ’ ಒಂದು ಅಂಶ, ‘ಗೆ’ ಒಂದು, ಒಟ್ಟು ಎರಡು. ಆರನೆಯ ಗಣ ಬ್ರಹ್ಮ ಸರಿಯಾಗಿ ಕೂತಿತು. ಪಕ್ಕದ ‘ಕಲಿಯುಗ’ದಲ್ಲಿ ಅದೇ ‘ಕಲಿ’ ಒಂದು, ಯು, ಗ ಸೇರಿ ಮೂರು. ಕೊನೆಯ ಸಾಲು: ಮಾಧವ (–∪∪) | ನೀತನ್ (––) | ಪೆರನಲ್ಲ (∪∪–∪). ಹತ್ತನೆಯದು ಬ್ರಹ್ಮ.

‘ನೀತನ್’ ಮೇಲೆ ತುಸು ನಿಲ್ಲಿ. ‘ತ’ದ ಸ್ವರ ಹ್ರಸ್ವ, ಪಕ್ಕದಲ್ಲಿ ಒತ್ತಕ್ಷರ ಬರೆದಿಲ್ಲ. ಆದರೂ ಗುರು, ಏಕೆಂದರೆ ನ್ ಅದನ್ನು ಮುಚ್ಚಿದೆ, ಮುಂದಿನ ಪದ ಪಕಾರದಿಂದ ಶುರುವಾಗಿ ಆ ನ್ ಹಾರಿಹೋಗದಂತೆ ತಡೆದಿದೆ. ಲ್ಯಾಟಿನ್ ಪದ್ಯದಲ್ಲೂ ಇದೇ ನಡೆ: ಪದ ವ್ಯಂಜನದಲ್ಲಿ ಮುಗಿದು ಮುಂದಿನದು ವ್ಯಂಜನದಲ್ಲಿ ಹುಟ್ಟಿದರೆ ಹಿಂದಿನ ತುಂಡು ಭಾರ, ಸ್ವರದಲ್ಲಿ ಹುಟ್ಟಿದರೆ ವ್ಯಂಜನ ಜಿಗಿದು ಅದಕ್ಕೆ ಅಂಟುತ್ತದೆ. ಮುಂದೆ ಕಾಲ ಕಳೆದಂತೆ ತ್ರಿಪದಿ ಐದು ಮತ್ತು ಮೂರು ಮಾತ್ರೆಯ ಗಣಗಳತ್ತ ವಾಲಿತು. ಆದ್ದರಿಂದ ಹೊಸ ತ್ರಿಪದಿಗೆ ಮಾತ್ರೆಯ ಲೆಕ್ಕ, ಹಳೆಯದಕ್ಕೆ ಅಂಶದ ಲೆಕ್ಕ.

ಲ್ಯಾಟಿನ್ ಪದದಲ್ಲಿ ಸ್ವರಾಘಾತ ಎಲ್ಲಿ

ಕೃಷಿ ಓದುವವರಿಗೆ ಲ್ಯಾಟಿನ್ ದೂರದ ಭಾಷೆಯಲ್ಲ, ನಮ್ಮ ಹೊಲದ ಬೆಳೆಗಳ ಶಾಸ್ತ್ರೀಯ ಹೆಸರೆಲ್ಲ ಆ ಅಚ್ಚಿನವು. ನಿಯಮವೂ ಚಿಕ್ಕದು. ಎರಡು ತುಂಡಿನ ಪದಕ್ಕೆ ಮೊದಲನೆಯದರ ಮೇಲೆ. ಮೂರು ಅಥವಾ ಹೆಚ್ಚು ಇದ್ದರೆ ಕೊನೆಯಿಂದ ಎರಡನೆಯ ತುಂಡನ್ನು ತೂಗಿ. ಅದು ಗುರುವಾಗಿದ್ದರೆ ಅಲ್ಲೇ. ಲಘುವಾಗಿದ್ದರೆ ಅದರ ಹಿಂದಿನದರ ಮೇಲೆ, ಆ ಹಿಂದಿನದು ಲಘುವೋ ಗುರುವೋ ಕೇಳಬೇಕಿಲ್ಲ. ಅದಕ್ಕಿಂತ ಹಿಂದೆ ಹೋಗುವುದಿಲ್ಲ.

ಮೊದಲು ಊರ ಹೆಸರುಗಳ ಮೇಲೆ ಕೈ ಕುದುರಿಸಿ. ರೋಮಿನವನೊಬ್ಬ ನಮ್ಮ ಬೋರ್ಡು ಓದಿದ್ದರೆ ಗೋಕಾಕದಲ್ಲಿ ‘ಕಾ’, ಹುಕ್ಕೇರಿಯಲ್ಲಿ ‘ಕ್ಕೇ’, ಬೆಳಗಾವಿಯಲ್ಲಿ ‘ಗಾ’, ಜಮಖಂಡಿಯಲ್ಲಿ ‘ಖಂ’ ಎತ್ತಿ ಹೇಳುತ್ತಿದ್ದ. ಸಿಂದಗಿಯಲ್ಲಿ ‘ದ’ ಲಘು, ಆದ್ದರಿಂದ ‘ಸಿಂ’. ಅಥಣಿಯಲ್ಲಿ ‘ಅ’. ಕೂಡಲಸಂಗಮದಲ್ಲಿ ‘ಗ’ ಲಘು, ‘ಸಂ’ ಮೇಲೆ. ವಿಜಯಪುರದಲ್ಲಿ ‘ಪು’ ಲಘು, ಹಿಂದಿನ ‘ಯ’ ಮೇಲೆ. ಕನ್ನಡದಲ್ಲಿ ನಾವು ಹೀಗೆ ಹೇಳುವುದಿಲ್ಲ, ನಮ್ಮ ಮಾತಿನಲ್ಲಿ ಪದದ ಆರಂಭ ತುಸು ಗಟ್ಟಿ ಅಷ್ಟೇ. ಇದು ಬರೀ ಸಾಧನೆಗೆ.

ಈಗ ಬೆಳೆಗಳು. ಜೋಳ: ಸೊರ್ಗುಮ್ ಬಿಕೊಲೊರ್, ಎರಡನೆಯ ಪದದಲ್ಲಿ ‘ಕೊ’ ಲಘುವಾದ್ದರಿಂದ ‘ಬಿ’ ಮೇಲೆ. ಕಬ್ಬು: ಸಕ್ಖರುಮ್ ಒಫ್ಫಿಕೀನಾರುಮ್, ‘ಸಕ್’ ಮತ್ತು ‘ನಾ’ ಮೇಲೆ. ಕಡಲೆ: ಕಿಕೆರ್ ಅರಿಎತೀನುಮ್, ‘ಕಿ’ ಮತ್ತು ‘ತೀ’. ಕುಸುಬೆಯ ಎರಡನೆಯ ಪದ ತಿಂಕ್ತೋರಿಉಸ್: ರಿ ಲಘು, ಆದ್ದರಿಂದ ‘ತೋ’. ಹುಣಸೆ: ತಮರಿಂದುಸ್ ಇಂದಿಕ, ‘ರಿಂ’ ಮತ್ತು ‘ಇಂ’. ತರಗತಿಯಲ್ಲಿ ಕೇಳಿಬರುವುದು ಬೇರೆ ಇರಬಹುದು, ಇಂಗ್ಲಿಷ್ ದಾರಿಯಲ್ಲಿ ಬಂದ ಉಚ್ಚಾರದಲ್ಲಿ ಧ್ವನಿಗಳು ಬದಲಾಗಿವೆ. ಧ್ವನಿ ಹೇಗೇ ಇರಲಿ, ಸ್ವರಾಘಾತದ ಜಾಗ ಹುಡುಕಲು ಲ್ಯಾಟಿನ್ ತೂಕವನ್ನೇ ನೋಡಬೇಕು.

ಲ್ಯಾಟಿನ್ ಬರಹದಲ್ಲಿ ಸ್ವರದ ಉದ್ದ ಕಾಣುವುದಿಲ್ಲ, ಇದೇ ತೊಡಕು. ಪಠ್ಯಪುಸ್ತಕ, ನಿಘಂಟುಗಳು ದೀರ್ಘದ ಮೇಲೆ ಅಡ್ಡಗೆರೆ ಹಾಕುತ್ತವೆ. ಗೆರೆ ಇರುವ ನಿಘಂಟಿನಿಂದ ಪದವನ್ನು ಕನ್ನಡ ಲಿಪಿಗೆ ಇಳಿಸಿಕೊಳ್ಳಿ, ನಮ್ಮ ಲಿಪಿ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಎ-ಏ, ಒ-ಓ ಬೇರೆ ಬೇರೆ ಇವೆ. ಬೆಳಗಾವಿಯಲ್ಲಿ ಎರಡೂ ಲಿಪಿ ಬಲ್ಲವರು ದೇವನಾಗರಿಯಲ್ಲಿ ಟಿಪ್ಪಣಿ ಮಾಡಿಕೊಂಡರೆ ಈ ಭೇದ ಕಳೆದುಹೋಗುತ್ತದೆ, ಮರಾಠಿ ಛಂದಸ್ಸಿನಲ್ಲಿ ಏಕಾರ, ಓಕಾರ ಗುರುವೇ. ಕಳೆದುಹೋದರೆ ನಷ್ಟ ಸಣ್ಣದಲ್ಲ: ‘ಪೊಪುಲುಸ್’ ಎಂದರೆ ಜನ, ‘ಪೋಪುಲುಸ್’ ಪಾಪ್ಲರ್ ಮರ. ‘ವೆನಿತ್’ ಬರುತ್ತಾನೆ, ‘ವೇನಿತ್’ ಬಂದನು. ‘ಮಲುಮ್’ ಕೆಡುಕು, ‘ಮಾಲುಮ್’ ಸೇಬು. ಈ ಜೋಡಿಗಳಲ್ಲಿ ಸ್ವರಾಘಾತ ಒಂದೇ ಕಡೆ, ಉದ್ದ ಮಾತ್ರ ಬೇರೆ. ಉದ್ದ ಬದಲಾದದ್ದಕ್ಕೇ ಸ್ವರಾಘಾತವೂ ಸರಿದ ಜೋಡಿ ಬೇಕೇ? ‘ಒಕ್ಕಿದೋ’ ಬೀಳುತ್ತೇನೆ, ‘ಒಕ್ಕೀದೋ’ ಕೊಲ್ಲುತ್ತೇನೆ. ಮೊದಲನೆಯದರಲ್ಲಿ ‘ಒಕ್’ ಎದ್ದು ಕೇಳುತ್ತದೆ, ಎರಡನೆಯದರಲ್ಲಿ ‘ಕೀ’.

ಕನ್ನಡಿಗರು ಮಾಡುವ ತಪ್ಪು ಹೆಚ್ಚಾಗಿ ಒತ್ತಕ್ಷರದ್ದು. ‘ಪುಎಲ್ಲ’ (ಹುಡುಗಿ) ಪದದಲ್ಲಿ ‘ಎಲ್’ ಗುರು, ಸ್ವರಾಘಾತವೂ ಅಲ್ಲೇ. ಗುರು ಎಂದ ಕೂಡಲೇ ‘ಏಲ್’ ಎಂದು ಎಳೆಯಬೇಡಿ, ಬಳ್ಳಿಯನ್ನು ಬಾಳ್ಳಿ ಮಾಡಿದಂತಾಗುತ್ತದೆ. ಹಳೆಯ ವ್ಯಾಕರಣಗಳು ಇಂಥದನ್ನು ‘ಸ್ಥಾನದಿಂದ ದೀರ್ಘ’ ಎಂದು ಕರೆದದ್ದೇ ಈ ಗೊಂದಲದ ಬೇರು. ದೀರ್ಘವಾದದ್ದು ಸ್ವರವಲ್ಲ, ಭಾರವಾದದ್ದು ತುಂಡು.

ಇನ್ನು ‘ತೆನೆಬ್ರಯ್’ (ಕತ್ತಲೆ). ನಮ್ಮ ಕಣ್ಣಿಗೆ ‘ಬ್ರ’ ಒತ್ತಕ್ಷರ, ಹಾಗಾಗಿ ‘ನೆ’ ಗುರು, ಮಲಪ್ರಭಾ, ಘಟಪ್ರಭಾಗಳಲ್ಲಿ ‘ಪ್ರ’ದ ಹಿಂದಿನ ಅಕ್ಷರ ಗುರುವಾದಂತೆ. ಲ್ಯಾಟಿನ್ ಮಾತಿನಲ್ಲಿ ಹಾಗಲ್ಲ. ಪ, ಬ, ತ, ದ, ಕ, ಗ ಇವು ಆದ ಕೂಡಲೇ ರ ಅಥವಾ ಲ ಬಂದರೆ ಜೋಡಿ ಒಡೆಯದೆ ಎರಡೂ ಮುಂದಿನ ಸ್ವರಕ್ಕೆ ಹೋಗುತ್ತವೆ: ತೆ-ನೆ-ಬ್ರಯ್. ‘ನೆ’ ತೆರೆದೇ ಉಳಿಯಿತು, ಲಘು, ಆದ್ದರಿಂದ ಸ್ವರಾಘಾತ ‘ತೆ’ ಮೇಲೆ. ಪದ್ಯದಲ್ಲಿ ಕವಿಗಳು ಅನುಕೂಲ ನೋಡಿ ಗುರು ಮಾಡಿಕೊಳ್ಳುವುದುಂಟು. ‘ಫೆನೆಸ್ತ್ರ’ (ಕಿಟಕಿ) ಪದದಲ್ಲಿ ಸ್ ಅಡ್ಡ ಬಂದು ‘ನೆಸ್’ ಮುಚ್ಚುವುದರಿಂದ ಅಲ್ಲೇ ಸ್ವರಾಘಾತ. ‘ಅಕ್ವ’ (ನೀರು) ಇನ್ನೊಂದು ಬಲೆ: ಲ್ಯಾಟಿನ್‌ನ ಕ್ವ ಒಂದೇ ವ್ಯಂಜನವೆಂದು ಲೆಕ್ಕ, ‘ಅ’ ಲಘು. ಇದಕ್ಕೆ ತಿರುವುಮುರುವು ‘ಕ್ಸ್’ (x): ಒಂದೇ ಅಕ್ಷರವಾಗಿ ಬರೆದರೂ ಎರಡು ವ್ಯಂಜನ, ಹಿಂದಿನದನ್ನು ಮುಚ್ಚುತ್ತದೆ. ಮಹಾಪ್ರಾಣ ಒಂದೇ ವ್ಯಂಜನ, ಅದರಲ್ಲಿ ನಮಗೆ ಕಷ್ಟವಿಲ್ಲ.

ಮುಚ್ಚಿದ ತುಂಡಿನೊಳಗೂ ಸ್ವರ ನಿಜವಾಗಿ ದೀರ್ಘವಿರಬಹುದು. ‘ಆಕ್ತುಸ್’ನಲ್ಲಿ ದೀರ್ಘ, ‘ಫಕ್ತುಸ್’ನಲ್ಲಿ ಹ್ರಸ್ವ. ತೂಕ ಎರಡಕ್ಕೂ ಒಂದೇ ಆದ್ದರಿಂದ ಪದ್ಯದ ಪ್ರಸ್ತಾರದಿಂದ ಇದು ಗೊತ್ತಾಗುವುದಿಲ್ಲ, ಒಳ್ಳೆಯ ನಿಘಂಟನ್ನೇ ನೋಡಬೇಕು. ನ್ಸ್, ನ್ಫ್ ಹಿಂದೆ ಸ್ವರ ದೀರ್ಘ: ಕೋನ್ಸುಲ್. ಪದದ ಕೊನೆಯ ತ್, ಮ್ ಹಿಂದೆ ಹ್ರಸ್ವ: ‘ಅಮಾಸ್’ ಆದರೂ ‘ಅಮತ್’.

ಬೇರೆ ಭಾಷೆಗಳಲ್ಲಿ

ಗ್ರೀಕ್ ಲೆಕ್ಕ ಲ್ಯಾಟಿನ್‌ಗಿಂತ ಬೇರೆ. ಅದು ನೋಡುವುದು ಕೊನೆಯ ತುಂಡಿನ ಸ್ವರವನ್ನು. ‘ಅಂತ್ರೋಪೊಸ್’ (ಮನುಷ್ಯ, ತಕಾರ ಮಹಾಪ್ರಾಣ) ಪದದಲ್ಲಿ ನಡುವಿನ ‘ತ್ರೋ’ ಭಾರವಿದ್ದರೂ ಸ್ವರಾಘಾತ ‘ಅಂ’ ಮೇಲೆ. ಷಷ್ಠಿಯಲ್ಲಿ ಕೊನೆಯ ಸ್ವರ ದೀರ್ಘವಾದಾಗ ಅದು ‘ತ್ರೋ’ಗೆ ಸರಿಯುತ್ತದೆ. ಫಿನ್ನಿಶ್‌ನಲ್ಲಿ ಸ್ವರಾಘಾತ ಯಾವಾಗಲೂ ಮೊದಲ ತುಂಡಿಗೆ, ಉದ್ದಕ್ಕೂ ಅದಕ್ಕೂ ಸಂಬಂಧವಿಲ್ಲ: ‘ಮತೊ’ ಹುಳು, ‘ಮತ್ತೊ’ ಜಮಖಾನೆ, ‘ತಕ್ಕ’ ಬೆಂಕಿಗೂಡು, ‘ತಾಕ್ಕ’ ಹೊರೆ. ಕನ್ನಡಿಗರ ಕಿವಿಗೆ ಇದು ತೀರ ಸಲೀಸು. ಜಪಾನೀ ಹಾಯ್ಕುವಿನ 5-7-5 ಎಣಿಕೆಯೂ ನಮ್ಮ ಮಾತ್ರೆಯಂಥದೇ: ‘ನಿಪ್ಪೊನ್’ ನಾಲ್ಕು, ‘ತೋಕ್ಯೋ’ ನಾಲ್ಕು.

ಆದಿಲ್‌ಶಾಹಿಯ ಕಾಲದಿಂದ ವಿಜಯಪುರಕ್ಕೆ ಪರಿಚಯವಿರುವ ಫಾರ್ಸಿ, ಉರ್ದು ಪದ್ಯಗಳಲ್ಲಿ ಮಾತ್ರ ನಮ್ಮಲ್ಲಿಲ್ಲದ ಒಂದು ತೂಕವಿದೆ. ದೀರ್ಘಸ್ವರವೂ ಇದ್ದು ಮೇಲೆ ವ್ಯಂಜನವೂ ಮುಚ್ಚಿದರೆ ಅದು ಗುರುವಿಗಿಂತ ಭಾರ, ಗುರು ಮತ್ತು ಲಘು ಎಂದು ಎರಡಾಗಿ ಎಣಿಸುತ್ತಾರೆ. ‘ಯಾರ್’ –∪, ‘ಬಹಾರ್’ ∪–∪. ಮುಂದಿನ ಪದ ಸ್ವರದಿಂದ ಶುರುವಾದರೆ ರ್ ಅದಕ್ಕೆ ಜಿಗಿದು ಬರೀ ಗುರು ಉಳಿಯಬಹುದು. ಕೊನೆಯ ಅನುನಾಸಿಕ ನಕಾರ ಈ ಲೆಕ್ಕಕ್ಕಿಲ್ಲ. ಕನ್ನಡದ ಅಭ್ಯಾಸದಿಂದ ‘ಬಹಾರ್’ಗೆ ∪– ಹಾಕಿದರೆ ಗಜಲಿನ ಸಾಲು ಒಂದು ಲಘು ಕಡಿಮೆ ಬೀಳುತ್ತದೆ.

ಫೋನಿನಲ್ಲಿ ಪರೀಕ್ಷೆ

ಕಿವಿಯ ಮೇಲೆ ನಂಬಿಕೆ ಸಾಲದಿದ್ದರೆ ಅಳೆದೇ ನೋಡಬಹುದು. ಫ್ಯಾನ್ ಆರಿಸಿ, ಫೋನನ್ನು ಬಾಯಿಂದ ಒಂದು ಗೇಣು ದೂರ ಇಟ್ಟು ‘ಈಗ ಬಳಿ ಬಂತು’, ‘ಈಗ ಬಳ್ಳಿ ಬಂತು’, ‘ಈಗ ಬಾಳಿ ಬಂತು’ ಎಂದು ಐದೈದು ಸಲ, ಅದಲು ಬದಲು ಮಾಡಿ ಹೇಳಿ. ಪದವನ್ನು ಒಂಟಿಯಾಗಿ ಹೇಳಬೇಡಿ, ಮಾತಿನ ಕೊನೆಯ ಸ್ವರ ತಾನಾಗಿ ಎಳೆದುಕೊಳ್ಳುತ್ತದೆ. ‘ಬಳಿ ಅಂತ ಹೇಳು’ ಎಂದೂ ಬೇಡ, ಇಕಾರ ಅಕಾರ ಕೂಡಿ ‘ಬಳ್ಯಂತ’ ಆಗಿ ಅಳತೆ ಕೆಡುತ್ತದೆ. ಆಮ್ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದಲ್ಲಿ ಸಿದ್ಧವಾದ ‘ಪ್ರಾಟ್’ ಎಂಬ ತಂತ್ರಾಂಶ ಉಚಿತ. ಧ್ವನಿಮುದ್ರಿಕೆಯನ್ನು ವೇವ್ ಕಡತವಾಗಿಸಿ ಅದರಲ್ಲಿ ತೆರೆಯಿರಿ, ಮೊದಲ ಸ್ವರವನ್ನು ಮೌಸಿನಿಂದ ಆಯ್ದರೆ ಅದರ ಅವಧಿ ಸೆಕೆಂಡಿನಲ್ಲಿ ಕಾಣುತ್ತದೆ. ಹಾಗೆಯೇ ಳಕಾರವನ್ನೂ ಅಳೆದು, ಐದರ ಸರಾಸರಿ ತೆಗೆಯಿರಿ. ಬಾಳಿಯಲ್ಲಿ ಸ್ವರ ಉದ್ದ, ಳಕಾರ ಗಿಡ್ಡ ಇರಬೇಕು. ಬಳ್ಳಿಯಲ್ಲಿ ಸ್ವರ ಬಳಿಯ ಸ್ವರದ ಆಸುಪಾಸಿನಲ್ಲೇ ಇದ್ದು ಳಕಾರದ ಪಟ್ಟಿ ಅಗಲವಾಗಬೇಕು. ಇದೇ ರೀತಿ ‘ಪುಎಲ್ಲ’ವನ್ನೂ ಮುದ್ರಿಸಿ: ಎಕಾರ ಅಗಲವಾಗಿ ಲಕಾರ ಸಣ್ಣದಾಗಿ ಕಂಡರೆ ನೀವು ಸ್ವರ ಎಳೆದಿದ್ದೀರಿ. ‘ಎಲ್ಲ’, ‘ಬೆಲ್ಲ’ ಎಂದು ಎರಡು ಸಲ ಹೇಳಿಕೊಂಡು ಅದೇ ಹದದಲ್ಲಿ ಮತ್ತೆ ಹೇಳಿ.